ಹುಟ್ಟಿದ ವರ್ಷ ಹಿಂದೆ ಹಾಕಿ ಮಗಳಿಗೆ ಇನ್‌ಸ್ಟಾಗ್ರಾಂ ಮಾಡಿಕೊಡಬಹುದಾ?

ಪ್ರಶ್ನೆ: ಮಗಳಿಗೆ 11 ವರ್ಷ. ಕ್ಲಾಸಿನಲ್ಲಿ ಎಲ್ಲರ ಹತ್ತಿರವೂ ಇನ್‌ಸ್ಟಾಗ್ರಾಂ ಇದೆಯಂತೆ, ತನಗೂ ಬೇಕು ಅಂತ ಒಂದೇ ಹಠ. ಹುಟ್ಟಿದ ವರ್ಷ ಸ್ವಲ್ಪ ಹಿಂದೆ ಹಾಕಿ ನಾನೇ ಖಾತೆ ತೆರೆದುಕೊಟ್ಟರೆ ಏನು ತೊಂದರೆ? ಫೋನಂತೂ ನನ್ನ ಕೈಯಲ್ಲೇ ಇರುತ್ತದೆ.
(ಶಿರಸಿಯ ಓದುಗರೊಬ್ಬರು)

ಉತ್ತರ: ಬೇಡ. ಮಕ್ಕಳ ಎದುರು ಸುಳ್ಳು ಹೇಳಬಾರದು ಅನ್ನುವ ನೀತಿಪಾಠ ಅಲ್ಲ ಇದು. ಯಾರು ನಿಮ್ಮ ಮಗಳನ್ನು ಮಾತಾಡಿಸಬಹುದು, ಯಾರು ಅವಳ ಫೋಟೊ ನೋಡಬಹುದು ಅಂತ ಆಪ್ ತೀರ್ಮಾನಿಸುವುದು ನೀವು ಹಾಕಿದ ಆ ಹುಟ್ಟಿದ ವರ್ಷ ನೋಡಿಕೊಂಡೇ.

ಇನ್‌ಸ್ಟಾಗ್ರಾಂ ಖಾತೆ ತೆರೆಯಲು 13 ತುಂಬಿರಬೇಕು ಅನ್ನುವುದು ಅವರ ನಿಯಮ. 13ರಿಂದ 17 ವರ್ಷದವರಿಗೆ 'ಟೀನ್ ಅಕೌಂಟ್' ಅಂತ ಬೇರೆ ಖಾತೆ ಕೊಡುತ್ತದೆ. ಭಾರತಕ್ಕೆ ಇದು ಬಂದದ್ದು 2025ರ ಫೆಬ್ರುವರಿಯಲ್ಲಿ. ಈ ಖಾತೆ ಶುರುವಿನಿಂದಲೇ ಪ್ರೈವೇಟ್, ಅಂದರೆ ಒಪ್ಪಿಕೊಂಡವರಿಗೆ ಮಾತ್ರ ಕಾಣುತ್ತದೆ. ಗುರುತು ಪರಿಚಯ ಇಲ್ಲದವರು ಮೆಸೇಜ್ ಹಾಕಲು ಆಗುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 7ರ ತನಕ ನೋಟಿಫಿಕೇಶನ್ ಬಂದ್. 16 ತುಂಬುವ ತನಕ ಇದನ್ನೆಲ್ಲ ಸಡಿಲ ಮಾಡಲು ಅಪ್ಪ-ಅಮ್ಮನ ಒಪ್ಪಿಗೆ ಬೇಕು. ಈಗ ನೀವು 2005 ಅಂತ ಹಾಕಿದಿರಿ ಅನ್ನಿ. ಆಪ್ ಲೆಕ್ಕದಲ್ಲಿ ನಿಮ್ಮ ಮಗಳು ದೊಡ್ಡವಳು, ಈ ಯಾವ ರಕ್ಷಣೆಯೂ ಅವಳಿಗಿಲ್ಲ. ದಣಪೆ ತೆಗೆದಿಟ್ಟು ತೋಟಕ್ಕೆ ಯಾರ ದನ ನುಗ್ಗಿತು ಅಂತ ಆಮೇಲೆ ಹುಡುಕಿದ ಹಾಗೆ.

ಫೋನ್ ನನ್ನ ಕೈಯಲ್ಲೇ ಇದೆ ಅಂದಿರಿ. ಆದರೆ ಖಾತೆ ಇರುವುದು ಫೋನಿನೊಳಗಲ್ಲ. ಪಾಸ್‌ವರ್ಡ್ ಗೊತ್ತಿದ್ದರೆ ರಜೆಯಲ್ಲಿ ಅಜ್ಜನ ಮನೆಗೆ ಹೋದಾಗ ಅತ್ತೆ ಮಗನ ಫೋನಿನಲ್ಲೂ ತೆರೆಯುತ್ತದೆ.

ಅಂದ ಹಾಗೆ, ಈ 13 ಅನ್ನುವ ಲೆಕ್ಕ ಬಂದದ್ದು ಅಮೆರಿಕದ 1998ರ ಒಂದು ಕಾನೂನಿನಿಂದ. ನಮ್ಮ ದೇಶದ 2023ರ ಡೇಟಾ ರಕ್ಷಣೆ ಕಾನೂನಿನಲ್ಲಿ 18 ತುಂಬದವರೆಲ್ಲ ಮಕ್ಕಳೇ.

ಮಗಳು ಯಕ್ಷಗಾನವನ್ನೋ ಭರತನಾಟ್ಯವನ್ನೋ ಕಲಿಯುತ್ತಿದ್ದು, ಅದನ್ನು ನಾಲ್ಕು ಜನರಿಗೆ ತೋರಿಸುವ ಆಸೆಯಾ? ಅದಕ್ಕೆ ಸರಿಯಾದ ದಾರಿಯೇ ಇದೆ. ಖಾತೆ ನೀವೇ ನಡೆಸಿ, 'ಇದನ್ನು ನೋಡಿಕೊಳ್ಳುವುದು ಪೋಷಕರು' ಅಂತ ಬಯೋದಲ್ಲಿ (ಖಾತೆಯ ಪರಿಚಯ ಬರೆಯುವ ಜಾಗದಲ್ಲಿ) ಬರೆದರೆ 13ರ ಒಳಗಿನವರ ಹೆಸರಲ್ಲೂ ಖಾತೆ ಇಡಲು ಇನ್‌ಸ್ಟಾಗ್ರಾಂ ಬಿಡುತ್ತದೆ. ಪಾಸ್‌ವರ್ಡ್ ಮಾತ್ರ ನಿಮ್ಮಲ್ಲೇ ಇರಲಿ.

ಆ ಖಾತೆಯಲ್ಲಿ ಏನು ಹಾಕುತ್ತೀರಿ ಅನ್ನುವುದು ಇನ್ನೂ ದೊಡ್ಡ ವಿಷಯ. ದೊಡ್ಡ ಪೇಟೆಯಲ್ಲಿ ಯೂನಿಫಾರ್ಮ್ ನೋಡಿದರೆ ಶಾಲೆ ಯಾವುದು ಅಂತಷ್ಟೇ ತಿಳಿಯಬಹುದು. ನಮ್ಮ ಕಡೆ ಹಾಗಲ್ಲ. ಯೂನಿಫಾರ್ಮ್, ಅಪ್ಪನ ಹೆಸರು, ಊರಿನ ಹೆಸರು ಸಿಕ್ಕರೆ ಸಾಕು, 'ಯಾವ ಮನೆ ಕೂಸು' ಅಂತ ಬಸ್‌ಸ್ಟ್ಯಾಂಡಿನಲ್ಲಿ ಕೇಳಿದರೆ ದಾರಿಯನ್ನೂ ಹೇಳಿ ಕಳಿಸುತ್ತಾರೆ. ಇಷ್ಟನ್ನೂ ಹೊರಗೆ ಹಾಕುವುದು ಹೆಚ್ಚಾಗಿ ಮಕ್ಕಳಲ್ಲ, ನಾವೇ. ಬಹುಮಾನ ಬಂದ ಕೂಡಲೇ ವಾಟ್ಸಾಪ್ ಸ್ಟೇಟಸ್ಸಿಗೆ ಹೆಸರು, ತರಗತಿ, ಊರು ಎಲ್ಲ ಬರೆದು ಏರಿಸುತ್ತೇವೆ ಅಲ್ವಾ? ಸಂತೋಷಕ್ಕೆ ಬಹುಮಾನದ ಫೋಟೊ ಒಂದೇ ಸಾಕು. ಕಾರವಾರದ ಬೀಚಿಗೆ ಹೋದರೆ ಅಲ್ಲಿಂದಲೇ ಲೊಕೇಶನ್ ಸಮೇತ ಹಾಕಬೇಕು ಅಂತೇನಿಲ್ಲ, ಮನೆಗೆ ಬಂದ ಮೇಲೆ ಹಾಕಿದರೂ ಸಮುದ್ರ ಅಷ್ಟೇ ಚೆನ್ನಾಗಿ ಕಾಣುತ್ತದೆ.

ಖಾತೆ ಇರಲಿ ಬಿಡಲಿ, ಮಗಳಿಗೆ ಈಗಲೇ ಒಂದು ಮಾತು ಹೇಳಿಡಿ: "ಏನೇ ಆದ್ರೂ ನನ್ನ ಹತ್ರ ಹೇಳು, ಫೋನ್ ಕಿತ್ಕೊಳ್ಳೋದಿಲ್ಲ, ಬೈಯೋದೂ ಇಲ್ಲ." ಗೇಮಿನ ಚಾಟ್‌ನಲ್ಲಿ ತನ್ನದೇ ವಯಸ್ಸಿನ ಹುಡುಗಿ ಅಂತ ಹೇಳಿಕೊಂಡು ಬಂದವರು ಫೋಟೊ ಕೇಳಿ, ಆಮೇಲೆ ಅದನ್ನೇ ಹಿಡಿದು ಹೆದರಿಸುವುದುಂಟು. 'ಮನೆಯಲ್ಲಿ ಹೇಳಿದರೆ ನಿನಗೇ ಬೈತಾರೆ' ಅನ್ನುವುದೇ ಅವರ ಅಸ್ತ್ರ. ಹಾಗೇನಾದರೂ ಆದರೆ ಗಾಬರಿಯಲ್ಲಿ ಚಾಟ್ ಅಳಿಸಬೇಡಿ. ಆ ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಬ್ಲಾಕ್ ಮಾಡಿ. ದುಡ್ಡು ಮಾತ್ರ ಕೊಡಬೇಡಿ, ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ ಕಾರವಾರದಲ್ಲಿದೆ, ಅಷ್ಟು ದೂರ ಆಗದಿದ್ದರೆ ಹತ್ತಿರದ ಠಾಣೆಗೇ ಹೋಗಿ. ಊರಿಗೆಲ್ಲ ಗೊತ್ತಾಗುತ್ತದೆ ಅಂತ ಹಿಂಜರಿಯುವವರು ಜಾಸ್ತಿ. ಆದರೆ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾನೂನು) ಪ್ರಕರಣದಲ್ಲಿ ಮಗುವಿನ ಹೆಸರು, ಮನೆ, ಶಾಲೆ ಯಾವುದನ್ನೂ ಸುದ್ದಿಯಲ್ಲಿ ಹಾಕುವಂತಿಲ್ಲ.

ಇನ್ನು ಈ 'ಎಲ್ಲರ ಹತ್ತಿರವೂ ಇದೆ' ಅನ್ನುವ ಮಾತು. ವಿಚಾರಿಸಿದರೆ ಆ ಎಲ್ಲರೂ ಅಂದರೆ ನಾಲ್ಕೈದು ಜನ ಇರಬಹುದು, ಅಷ್ಟೇ. ಅವರ ಅಪ್ಪ-ಅಮ್ಮನ ಹತ್ತಿರ ಒಮ್ಮೆ ಮಾತಾಡಿ ನೋಡಿ. ಅವರಿಗೂ ಇದೇ ತಲೆನೋವು ಇದ್ದರೆ ಎಲ್ಲರೂ ಒಟ್ಟಿಗೆ 'ಈಗ ಬೇಡ' ಅನ್ನುವುದು ಸುಲಭ.

ನೀವು ಆಗಲೇ ಖಾತೆ ತೆರೆದಿದ್ದರೆ, ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ಸೆಂಟರ್‌ಗೆ ಹೋಗಿ ಹುಟ್ಟಿದ ದಿನಾಂಕ ಸರಿಪಡಿಸಬಹುದು. ಆದರೆ 13ರ ಒಳಗೆ ಅಂತ ಗೊತ್ತಾದರೆ ಇನ್‌ಸ್ಟಾಗ್ರಾಂ ಆ ಖಾತೆಯನ್ನೇ ಮುಚ್ಚುತ್ತದೆ. ಹಾಗಾಗಿ ನಿಮಗೆ ಬೇಕಾದ ಫೋಟೊಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡು, ನೀವೇ ಡಿಲೀಟ್ ಮಾಡಿಬಿಡುವುದು ಒಳ್ಳೆಯದು.