ಇಂಪ್ಯಾಕ್ಟ್ ಫ್ಯಾಕ್ಟರ್ ಜರ್ನಲ್‌ದು, ನಿಮ್ಮ ಪೇಪರಿನದ್ದಲ್ಲ

ಕೊಣಾಜೆಯಿಂದ ಬರ್ಲಿ ಸುರತ್ಕಲ್‌ನಿಂದ ಬರ್ಲಿ, ಪಿಎಚ್‌ಡಿ ಮಾಡುವ ಮಕ್ಕಳು ಲೈಬ್ರರಿಗೆ ಬಂದ್ರೆ ಮೊದಲು ಕೇಳುವುದು ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟುಂಟು ಅಂತ, ಅಂದ್ರೆ ಅದರಲ್ಲಿ ಬಂದ ಸಂಶೋಧನಾ ಪೇಪರಿಗೆ ಸರಾಸರಿ ಎಷ್ಟು ಸೈಟೇಶನ್ (ಬೇರೆ ಪೇಪರಿನವರು ಅದನ್ನು ಹೆಸರಿಸಿದ್ದು) ಬರ್ತದೆ ಅಂತ. ಅವರ ತಪ್ಪಲ್ಲ, ಇಂಟರ್ವ್ಯೂಗೆ ಹೋದಲ್ಲೆಲ್ಲ ಅದನ್ನೇ ಕೇಳ್ತಾರೆ. ಆದ್ರೆ ಆ ಲೆಕ್ಕ ಹೇಗೆ ಬರ್ತದೆ ಅಂತ ಒಮ್ಮೆ ನೋಡಿ ಮಾರಾಯ್ರೇ.

ಒಂದು ಜರ್ನಲ್ 2022 ಮತ್ತು 2023ರಲ್ಲಿ ಒಟ್ಟು 100 ಪೇಪರ್ ಹಾಕಿದೆ, 2024ರಲ್ಲಿ ಅವಕ್ಕೆಲ್ಲ ಸೇರಿ 400 ಸೈಟೇಶನ್ ಬಂತು ಅಂತ ಇಟ್ಕೊಳ್ಳಿ, ಆಗ 2024ರ ಇಂಪ್ಯಾಕ್ಟ್ ಫ್ಯಾಕ್ಟರ್ 4. ಆ 400ರಲ್ಲಿ 250 ಬರೀ ಎರಡು ಪೇಪರಿಗೇ ಬಂದಿರಬಹುದು, ಉಳಿದ 98ಕ್ಕೆ ಸೇರಿ 150, ಒಂದಷ್ಟಕ್ಕೆ ಸೊನ್ನೆಯೇ. ಸೊನ್ನೆ ಬಂದವರೂ ಬಯೋಡಾಟಾದಲ್ಲಿ 4 ಅಂತ ಬರೀತಾರೆ! ಅಮೆರಿಕದ ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ ಇದನ್ನು ತಂದದ್ದು, ಯಾವ ಪೇಪರನ್ನು ಯಾರು ಹೆಸರಿಸಿದ್ದಾರೆ ಅಂತ ಪಟ್ಟಿ ಮಾಡುವ ಸೈಟೇಶನ್ ಇಂಡೆಕ್ಸ್‌ಗೆ ಜರ್ನಲ್ ಆರಿಸ್ಲಿಕ್ಕೆ, ಮನುಷ್ಯರನ್ನು ಅಳೀಲಿಕ್ಕಲ್ಲ. ಸಂಶೋಧಕರನ್ನು ಇದ್ರಿಂದ ತೂಗಬೇಡಿ ಅಂತ ಸ್ಯಾನ್‌ಫ್ರಾನ್ಸಿಸ್ಕೋ ಘೋಷಣೆಯೂ ಹೇಳಿ ಆಯ್ತು, ಜರ್ನಲ್ ಸಂಪಾದಕರು, ಪ್ರಕಾಶಕರು ಸೇರಿ 2012ರಲ್ಲಿ ಶುರು ಮಾಡಿದ್ದು ಅದು.

ನಮ್ಮ ಕರಾವಳಿಯ ಬೂತಾಯಿ ಮೀನು ಯಾವ ತಿಂಗಳಲ್ಲಿ ಮೊಟ್ಟೆ ಇಡ್ತದೆ ಅಂತ ಯಾರಾದ್ರೂ ಪೇಪರ್ ಬರೆದ್ರೆ ಅದನ್ನು ಮೀನುಗಾರಿಕೆ ಇಲಾಖೆಯವರು ಓದಬೇಕು, ಮಲ್ಪೆಯ ಬೋಟಿನವರಿಗೆ ಅದರ ವಿಷಯ ಮುಟ್ಟಬೇಕು, ಜೂನ್-ಜುಲೈಯ ಮೀನುಗಾರಿಕೆ ರಜೆ ಬಗ್ಗೆ ಮಾತು ಬಂದಾಗ ಅದು ಮೇಜಿನ ಮೇಲೆ ಇರಬೇಕು. ಇವರು ಯಾರೂ ಸೈಟೇಶನ್ ಕೊಡುವವರಲ್ಲ. ದುಡ್ಡು ಕೊಟ್ಟೇ ಓದಬೇಕು ಅಂತಾದ್ರೆ ಓದುವವರೂ ಅಲ್ಲ. ಜರ್ನಲ್ ಚಂದಾವನ್ನು ಕೇಂದ್ರ ಸರ್ಕಾರವೇ ಒಟ್ಟಿಗೆ ಕಟ್ಟುವ ಯೋಜನೆ, ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಷನ್ 2025ರಲ್ಲಿ ಬಂದದ್ದು ಒಳ್ಳೇದೇ, ಆದ್ರೆ ಅದು ಸದ್ಯಕ್ಕೆ ಸರ್ಕಾರಿ ಸಂಸ್ಥೆಗಳಿಗೆ, ಬಂದರಿನಲ್ಲಿ ನಿಂತವರಿಗಲ್ಲ.

ಓಪನ್ ಆಕ್ಸೆಸ್ (ಯಾರು ಬೇಕಾದ್ರೂ ಫ್ರೀಯಾಗಿ ಓದುವ ಹಾಗೆ ಪೇಪರ್ ಹಾಕುವುದು) ಅಂದ ಕೂಡ್ಲೇ "ಲಕ್ಷಗಟ್ಟಲೆ ಕೊಡ್ಬೇಕಲ್ವಾ" ಅಂತಾರೆ. ಎಲ್ಲ ಕಡೆ ಇಲ್ಲ. ಲೇಖಕರಿಂದಲೂ ಓದುಗರಿಂದಲೂ ಹಣ ತೆಗೊಳ್ಳದ ಜರ್ನಲ್‌ಗಳು ಉಂಟು, ಡಿಒಎಜೆ ಅನ್ನುವ ಓಪನ್ ಆಕ್ಸೆಸ್ ಜರ್ನಲ್‌ಗಳ ಆನ್‌ಲೈನ್ ಪಟ್ಟಿಯಲ್ಲಿ ಹುಡುಕಿದ್ರೆ ಸಿಗ್ತವೆ. ಇನ್ನೊಂದು ದಾರಿ, ರಿವ್ಯೂ ಮುಗಿದು ಒಪ್ಪಿಗೆಯಾದ ನಿಮ್ಮದೇ ವರ್ಡ್ ಫೈಲನ್ನು ಸಂಸ್ಥೆಯ ರೆಪಾಸಿಟರಿಗೆ, ಅಂದ್ರೆ ಎಲ್ಲರೂ ಓದಬಹುದಾದ ಆನ್‌ಲೈನ್ ಸಂಗ್ರಹಕ್ಕೆ ಹಾಕುವುದು, ಸುಮಾರು ಪ್ರಕಾಶಕರು ಇದಕ್ಕೆ ಬಿಡ್ತಾರೆ, ಕೆಲವರು ಆರು ತಿಂಗಳೋ ವರ್ಷವೋ ಕಾಯಿರಿ ಅಂತಾರೆ ಅಷ್ಟೇ. ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐಯವರ ರೆಪಾಸಿಟರಿ ತೆರೆದು ನೋಡಿ, ಹಳೇ ಹಳೇ ಮೀನಿನ ಪೇಪರ್ ಎಲ್ಲ ಅಲ್ಲಿ ಫ್ರೀಯಾಗಿ ಓದ್ಲಿಕ್ಕೆ ಸಿಗ್ತದೆ.

ಹಾಗಾಗಿ ಆ ವರ್ಡ್ ಫೈಲನ್ನು ಮಾತ್ರ ಡಿಲೀಟ್ ಮಾಡ್ಬೇಡಿ, ಪ್ರಕಾಶಕರು ಕೊಡುವ ಕಾಪಿರೈಟ್ ಫಾರ್ಮಿಗೆ ಸೈನ್ ಹಾಕುವ ಮೊದಲು ಅದರೊಟ್ಟಿಗೆ ನಿಮ್ಮ ಲೈಬ್ರರಿಯನ್ ಹತ್ರ ಬನ್ನಿ, ಫಾರ್ಮನ್ನು ಒಟ್ಟಿಗೆ ಕೂತು ಓದುವ.