ಸ್ಟಾರ್ ವಾರ್ಸ್‌ನ ಹಾಗೆ ಗಾಳಿಯಲ್ಲಿ ವಿಡಿಯೊ ಕಾಲ್ ಮಾಡೋಕಾಗುತ್ತಾ?

ಪ್ರಶ್ನೆ: ಸ್ಟಾರ್ ವಾರ್ಸ್‌ನಲ್ಲಿ ಆರ್ಟೂ-ಡೀಟೂ ಅನ್ನೋ ರೋಬೊ ರಾಜಕುಮಾರಿ ಲಿಯಾಳನ್ನು ಗಾಳಿಯಲ್ಲೇ ಮೂಡಿಸುತ್ತದಲ್ಲ, ಅಂಥ ಹೊಲೊಗ್ರಾಂ ಇಷ್ಟೊತ್ತಿಗೆ ನಮ್ಮ ಮನೆಗೂ ಬರಬೇಕಿತ್ತು ಅಲ್ವಾ?

ಆ ರೋಬೊ ಮಾಡುವ ರೀತಿಯಲ್ಲಂತೂ ಆಗುವುದಿಲ್ಲ. ಬೇರೆ ದಾರಿಯಲ್ಲಿ ಆಗುತ್ತದೆ, ಆದರೆ ಸದ್ಯಕ್ಕೆ ಬೆರಳ ತುದಿಯಷ್ಟು ಚಿತ್ರ ಮಾತ್ರ. ತಮಾಷೆ ಅಂದರೆ, ಆ ದಾರಿ ಹೊಲೊಗ್ರಾಂ ಅಲ್ಲವೇ ಅಲ್ಲ.

1977ರ ಮೊದಲ ಸಿನಿಮಾದ ದೃಶ್ಯ ನೆನಪಿಸಿಕೊಳ್ಳಿ. ಕಥಾನಾಯಕ ಲೂಕ್ ಕೂತು ರೋಬೊದ ಮೈಗಂಟಿದ ಕೊಳೆ ಕೆರೆಯುತ್ತಿದ್ದಾನೆ. ತಟ್ಟನೆ ಅದರ ತಲೆಯಿಂದ ಬೆಳಕು ಚಿಮ್ಮಿ, ಸ್ವಲ್ಪ ದೂರದಲ್ಲಿ ಗೊಂಬೆಯಷ್ಟು ಎತ್ತರದ ಲಿಯಾ ನಿಲ್ಲುತ್ತಾಳೆ. ನೀಲಿ ಛಾಯೆ, ಹಳೇ ಟಿವಿಯಂಥ ಅಡ್ಡಗೆರೆ, ಆಗಾಗ ನಡುಕ. ನನ್ನ ತಕರಾರು ಆ ‘ಸ್ವಲ್ಪ ದೂರ’ದ ಬಗ್ಗೆ. ಹೊರಟ ಬೆಳಕು ನಡುದಾರಿಯಲ್ಲಿ ಸುಮ್ನೆ ನಿಂತುಕೊಳ್ಳುವುದಿಲ್ಲ. ಏನಾದರೂ ಅಡ್ಡ ಬಂದರೆ ಮಾತ್ರ ಚದುರಿ ನಮ್ಮ ಕಣ್ಣಿಗೆ ಬರುತ್ತದೆ. ಟೆಂಟ್ ಸಿನಿಮಾ ನೋಡಿದವರಿಗೆ ಇದು ಗೊತ್ತು: ಪ್ರೊಜೆಕ್ಟರಿನ ಬೆಳಕು ತಲೆಯ ಮೇಲೆ ಹಾದುಹೋಗುವುದು ಕಾಣುತ್ತಿದ್ದದ್ದೇ ಬೀಡಿ ಹೊಗೆ ಮತ್ತು ಧೂಳಿನ ದಯೆಯಿಂದ. ಶುದ್ಧ ಗಾಳಿಯಲ್ಲಿ ಆ ಕಿರಣವೂ ಕಾಣದು, ಲಿಯಾಳೂ ಕಾಣಳು.

ಹಾಗಾದರೆ ದೆಹಲಿಯಲ್ಲಿ ನೇತಾಜಿಯ ಹೊಲೊಗ್ರಾಂ ಇತ್ತಲ್ಲ ಅನ್ನಬಹುದು. 2022ರ ಜನವರಿ 23ರಂದು ಇಂಡಿಯಾ ಗೇಟ್ ಬಳಿ ಮೂಡಿದ ಆ 28 ಅಡಿಯ ಚಿತ್ರ ಬಿದ್ದದ್ದು ಕಣ್ಣಿಗೆ ಕಾಣದಷ್ಟು ಪಾರದರ್ಶಕವಾದ ಪರದೆಯ ಮೇಲೆ. (ಅದೇ ವರ್ಷ ಅಲ್ಲಿಗೆ ನಮ್ಮ ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ ಗ್ರಾನೈಟ್ ಪ್ರತಿಮೆ ಬಂತು.) ತೀರಿಹೋದ ಗಾಯಕರನ್ನು ವೇದಿಕೆಗೆ ತರುವ ಶೋಗಳಲ್ಲೂ ಜಾಸ್ತಿ ಇಂಥದ್ದೇ ಆಟ. ಓರೆಯಾಗಿ ನಿಲ್ಲಿಸಿದ ಗಾಜು ಅಥವಾ ತೆಳು ಹಾಳೆಯಲ್ಲಿ ಕಾಣುವ ಪ್ರತಿಬಿಂಬ ಅದು. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ದೆವ್ವ ತೋರಿಸಿ ಜನರನ್ನು ಬೆಚ್ಚಿಬೀಳಿಸಿದ್ದೂ ಇದೇ ಉಪಾಯದಿಂದ.

ನಿಜವಾದ ಹೊಲೊಗ್ರಾಂ ಬೇರೆಯೇ. ಹಂಗೇರಿ ಮೂಲದ ಡೆನ್ನಿಸ್ ಗೇಬರ್‌ಗೆ ಅದು ಹೊಳೆದದ್ದು 1947ರಲ್ಲಿ, ನೊಬೆಲ್ ಬಂದದ್ದು 1971ರಲ್ಲಿ. ಫೋಟೊದಲ್ಲಿ ಎಲ್ಲಿ ಎಷ್ಟು ಬೆಳಕಿತ್ತು ಅನ್ನುವುದಷ್ಟೇ ಉಳಿಯುತ್ತದೆ. ಹೊಲೊಗ್ರಾಂನಲ್ಲಿ ವಸ್ತುವಿಗೆ ಬಡಿದು ಬಂದ ಅಲೆಯೂ ನೇರವಾಗಿ ಬಂದ ಅಲೆಯೂ ಫಿಲ್ಮಿನ ಮೇಲೆ ಸೇರಿ ಅತಿ ಸಣ್ಣ ಗೆರೆಗಳಾಗುತ್ತವೆ. ಆಮೇಲೆ ಅದಕ್ಕೆ ಸರಿಯಾದ ಬೆಳಕು ಬಿಟ್ಟರೆ, ವಸ್ತುವಿನಿಂದ ಬಂದಿದ್ದಂಥ ಅಲೆಯೇ ಮತ್ತೆ ಹೊರಡುತ್ತದೆ. ತಲೆ ಆಚೀಚೆ ಆಡಿಸಿದರೆ ಮೂಗಿನ ಮರೆಯಲ್ಲಿದ್ದ ಕೆನ್ನೆ ಕಾಣುತ್ತದೆ. ಆದರೆ ಒಂದು ಕರಾರು: ನಿಮ್ಮ ನೋಟದ ಸಾಲಿನಲ್ಲಿ ಆ ಫಿಲ್ಮ್ ಇರಲೇಬೇಕು. ಅದರ ಅಂಚು ದಾಟಿ ಪಕ್ಕಕ್ಕೆ ಸರಿದಿರೋ, ಚಿತ್ರ ಮಾಯ. ಪಕ್ಕದಲ್ಲಿ ಕೂತು ನೋಡುವ ಲೂಕ್‌ಗೆ ಲಿಯಾ ಕಾಣಬೇಕಾದರೆ ಅವಳ ಹಿಂದೆಯೋ ಮುಂದೆಯೋ ಒಂದು ದೊಡ್ಡ ಹಲಗೆ ಬೇಕಿತ್ತು.

ಇನ್ನು ಇದನ್ನು ವಿಡಿಯೊ ಮಾಡಬೇಕಾದರೆ ಲೆಕ್ಕವೇ ತಲೆ ತಿರುಗಿಸುತ್ತದೆ. ಅಗಲವಾದ ನೋಟ ಬೇಕಾದರೆ ಒಂದೊಂದು ಚುಕ್ಕಿಯೂ ಬೆಳಕಿನ ಅಲೆಯಷ್ಟೇ ಸಣ್ಣದಿರಬೇಕು, ಅಂದರೆ ಸುಮಾರು ಅರ್ಧ ಮೈಕ್ರಾನ್ (ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಭಾಗ). ಹತ್ತು ಸೆಂಟಿಮೀಟರ್ ಚೌಕದ ಪುಟ್ಟ ಪರದೆಗೇ 4,000 ಕೋಟಿ ಚುಕ್ಕಿಗಳಾದವು. 4ಕೆ ಟಿವಿಯಲ್ಲಿರುವುದು ಸುಮಾರು 83 ಲಕ್ಷ. ಹತ್ತಿರ ಹತ್ತಿರ 4,800 ಟಿವಿಗಳ ಚುಕ್ಕಿಯನ್ನು ಅಂಗೈಯಗಲದಲ್ಲಿ ತುರುಕಿ, ಸೆಕೆಂಡಿಗೆ ಹತ್ತಾರು ಸಲ ಬದಲಿಸುತ್ತಿರಬೇಕು. ಆದರೂ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2011ರಲ್ಲಿ, ನಾನಾ ರಾಜಿ ಮಾಡಿಕೊಂಡು, ಸೆಕೆಂಡಿಗೆ 15 ಚಿತ್ರಗಳ ಹೊಲೊಗ್ರಾಂ ವಿಡಿಯೊ ತೋರಿಸಿದರು. ಅದರಲ್ಲಿ ಲಿಯಾಳ ವೇಷ ಹಾಕಿ ಕಾಣಿಸಿಕೊಂಡದ್ದು ಅಲ್ಲಿನ ವಿದ್ಯಾರ್ಥಿನಿ. ಚಿತ್ರ ಸೆರೆಹಿಡಿದದ್ದು ವಿಡಿಯೊ ಗೇಮಿನ ಕಿನೆಕ್ಟ್ ಕ್ಯಾಮೆರಾ!

ಆ ಬೇರೆ ದಾರಿ ತೋರಿಸಿದ್ದು ಅದೇ ಎಂಐಟಿ ತಂಡದಲ್ಲಿದ್ದು ಬಂದ ಡ್ಯಾನಿಯಲ್ ಸ್ಮಾಲಿ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಅವರ ತಂಡ 2018ರಲ್ಲಿ ಹೊಲೊಗ್ರಾಂನ ಗೊಡವೆಯನ್ನೇ ಬಿಟ್ಟಿತು. ಬೆಳಕು ನಿಲ್ಲಲು ಏನಾದರೂ ಬೇಕು ತಾನೇ? ಸರಿ, ಒಂದೇ ಒಂದು ಸೆಲ್ಯುಲೋಸ್ (ಹತ್ತಿ, ಕಾಗದಗಳಲ್ಲಿರುವ ನಾರಿನ ವಸ್ತು) ಕಣ ಇಡೋಣ ಅಂದರು. ಕಣ್ಣಿಗೆ ಅಷ್ಟಾಗಿ ಕಾಣದ ಲೇಸರ್ ಅದನ್ನು ಗಾಳಿಯಲ್ಲಿ ಹಿಡಿದು ಓಡಿಸುತ್ತದೆ. ಕೆಂಪು, ಹಸಿರು, ನೀಲಿ ಲೇಸರ್‌ಗಳು ಬೇಕಾದ ಜಾಗದಲ್ಲಿ ಅದಕ್ಕೆ ಬಣ್ಣ ಹಚ್ಚುತ್ತವೆ. ಕಣ ವೇಗವಾಗಿ ಸುತ್ತಿದರೆ ಕಣ್ಣಿಗೆ ಗೆರೆಯಾಗಿ ಕಾಣುತ್ತದೆ. ಸುತ್ತಲೂ ನಡೆದು ಬೇರೆ ಬೇರೆ ಕೋನದಿಂದ ನೋಡಬಹುದು, ಯಾವ ಪರದೆಯೂ ಬೇಡ. ಆದರೆ ಗಾಳಿ ಬೀಸಿದರೆ ಕಣ ಹಾರಿಹೋಗುತ್ತದೆ. ಸ್ವಲ್ಪ ಕಷ್ಟದ ಚಿತ್ರಗಳಂತೂ ಬರಿಗಣ್ಣಿಗೆ ಒಟ್ಟಿಗೆ ಕಾಣುವಷ್ಟು ಬೇಗ ಮೂಡಲಿಲ್ಲ, ಕ್ಯಾಮೆರಾದ ಶಟರ್ ತುಂಬಾ ಹೊತ್ತು ತೆರೆದಿಟ್ಟು ಹಿಡಿಯಬೇಕಾಯಿತು.

ಈ ದಾರಿಗೆ ಇನ್ನೊಂದು ಮಿತಿಯಿದೆ. ಬೆಳಕನ್ನು ಸೇರಿಸಬಹುದು, ಕತ್ತಲನ್ನು ಸೇರಿಸಲಾಗದು. ಹಾಗಾಗಿ ಇಂಥ ಚಿತ್ರದಲ್ಲಿ ಕಪ್ಪು ಬಣ್ಣವೇ ಇರುವುದಿಲ್ಲ. ಲಿಯಾಳ ಕಡುಬಣ್ಣದ ಕೂದಲಿನ ಜಾಗದಲ್ಲಿ ಹಿಂದಿನ ಗೋಡೆಯೇ ಕಾಣಬೇಕು. ಸಿನಿಮಾದಲ್ಲಿ ಅವಳು ಅಷ್ಟಿಷ್ಟು ಪಾರದರ್ಶಕವಾಗಿರುವುದು ಮಾತ್ರ ವಿಜ್ಞಾನಕ್ಕೆ ಸರಿಹೊಂದುತ್ತದೆ.

ತೋರಿಸುವುದಕ್ಕಿಂತ ಸೆರೆಹಿಡಿಯುವುದೇ ಆರ್ಟೂಗೆ ಹೆಚ್ಚು ಕಷ್ಟದ ಕೆಲಸ ಅಂತ ನನಗನಿಸುತ್ತದೆ. ಸಂದೇಶದ ಕೊನೆಯಲ್ಲಿ ಲಿಯಾ ಒಮ್ಮೆ ಹಿಂದೆ ನೋಡಿ, ಬಾಗಿ, ರೆಕಾರ್ಡಿಂಗ್ ನಿಲ್ಲಿಸುತ್ತಾಳೆ. ಅಂದರೆ ರೋಬೊ ಅವಳ ಎದುರಿಗೇ ಇತ್ತು, ಅವಳ ಬೆನ್ನು ಅದಕ್ಕೆ ಕಂಡಿರಲು ಸಾಧ್ಯವಿಲ್ಲ. ಈಗಿನ ಸ್ಟುಡಿಯೊಗಳು ಒಬ್ಬ ಮನುಷ್ಯನನ್ನು ಮೂರು ಆಯಾಮದಲ್ಲಿ ಹಿಡಿಯಲು ಸುತ್ತಲೂ ಡಜನ್‌ಗಟ್ಟಲೆ ಕ್ಯಾಮೆರಾ ನಿಲ್ಲಿಸುತ್ತವೆ. ಆರ್ಟೂ ಇದ್ದದ್ದು ಶತ್ರುಗಳು ನುಗ್ಗುತ್ತಿದ್ದ ನೌಕೆಯ ಕಾರಿಡಾರಿನಲ್ಲಿ, ಒಂಟಿಯಾಗಿ. ಬೆನ್ನಿನ ಭಾಗವನ್ನು ಅದು ಊಹಿಸಿಕೊಂಡೇ ತುಂಬಿರಬೇಕು.