ಪಿಯಾನೋದ ಹುಟ್ಟು: ನನ್ನನ್ನು ಮೂರು ದಿನ ಕಾಡಿದ ಸುತ್ತಿಗೆ

ಪಾಶ್ಚಾತ್ಯ ಸಂಗೀತದ ಥಿಯರಿ ಪರೀಕ್ಷೆಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ನಿನ್ನೆ ರಾತ್ರಿ ತಲೆಗೆ ಹೋದದ್ದು ನಾಳೆಗೆ ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಹೆಸರು, ಊರು, ಇಸವಿ ಬೇಗ ಮುಗಿಸೋಣ. ಪಿಯಾನೋ ಮಾಡಿದವನು ಬಾರ್ತೊಲೊಮಿಯೊ ಕ್ರಿಸ್ತೊಫೊರಿ. ಹುಟ್ಟಿದ್ದು 1655ರಲ್ಲಿ, ಇಟಲಿಯ ಪಾದುವಾದಲ್ಲಿ. 1688ರಿಂದ ಫ್ಲಾರೆನ್ಸ್‌ನಲ್ಲಿ ರಾಜಕುಮಾರ ಫರ್ಡಿನಾಂಡೊ ಮೆಡಿಚಿಯ ಹತ್ತಿರ ಕೆಲಸ. ಅವನ ವಾದ್ಯಗಳನ್ನು ನೋಡಿಕೊಳ್ಳಬೇಕು, ಹೊಸದನ್ನೂ ಮಾಡಬೇಕು. 1700ರಲ್ಲಿ ಮೆಡಿಚಿ ಮನೆತನದ ವಾದ್ಯಗಳ ಪಟ್ಟಿ ಬರೆದಾಗ, ಮೆಲ್ಲಗೂ ಜೋರಾಗಿಯೂ ನುಡಿಯುವ ಹೊಸ ವಾದ್ಯವೊಂದು ಅದರಲ್ಲಿತ್ತು. ಇಟಾಲಿಯನ್‌ನಲ್ಲಿ 'ಪಿಯಾನೋ' ಅಂದರೆ ಮೆಲ್ಲಗೆ, 'ಫೋರ್ಟೆ' ಅಂದರೆ ಜೋರಾಗಿ. ಎರಡೂ ಸೇರಿದ 'ಪಿಯಾನೋಫೋರ್ಟೆ' ಎಂಬ ಹೆಸರಿನಿಂದ ಕಾಲ ಕಳೆದಂತೆ ಜೋರು ಉದುರಿಹೋಗಿ ಮೆಲ್ಲಗೆ ಮಾತ್ರ ಹೆಸರಾಗಿ ಉಳಿಯಿತು!

ಕೆಲವು ಪುಸ್ತಕಗಳಲ್ಲಿ ಪಿಯಾನೋ ಹುಟ್ಟಿದ್ದು 1709 ಅಂತ ಇರುತ್ತದೆ. ಶಿಪಿಯೋನೆ ಮಾಫೇಯಿ ಎಂಬ ಲೇಖಕ ಫ್ಲಾರೆನ್ಸ್‌ಗೆ ಬಂದು ಕ್ರಿಸ್ತೊಫೊರಿಯ ಕೆಲಸ ನೋಡಿದ ವರ್ಷ ಅದು. ಅದರ ಬಗ್ಗೆ ಅವನು ಬರೆದ ಲೇಖನ ಅಚ್ಚಾದದ್ದು 1711ರಲ್ಲಿ. ವಾದ್ಯ 1700ರ ಪಟ್ಟಿಯಲ್ಲೇ ಇದೆಯಲ್ಲ, ಹಾಗಾಗಿ ಪರೀಕ್ಷೆಯಲ್ಲಿ 'ಸುಮಾರು 1700' ಅಂತ ಬರೆಯಿರಿ.

ಇನ್ನು ನಾನು ಎಡವಿದ ಜಾಗ. ಆಗ ತಂತಿ ಇರುವ ಕೀಬೋರ್ಡ್ ವಾದ್ಯಗಳು ಮುಖ್ಯವಾಗಿ ಎರಡು ಬಳಕೆಯಲ್ಲಿದ್ದವು. ಹಾರ್ಪ್ಸಿಕಾರ್ಡ್‌ನಲ್ಲಿ ಕೀ ಒತ್ತಿದರೆ ಹಕ್ಕಿಗರಿಯ ಚಿಕ್ಕ ತುಂಡೊಂದು ತಂತಿಯನ್ನು ಮೀಟುತ್ತದೆ. ವೀಣೆಯಲ್ಲಿ ಬೆರಳಿಂದ ಜೋರಾಗಿ ಮೀಟಿದರೆ ಜೋರು ಸದ್ದು. ಇಲ್ಲಿ ಹಾಗಲ್ಲ. ಗರಿ ಬಾಗಿ ತಂತಿಯಿಂದ ಜಾರುವ ಹಂತ ಹೆಚ್ಚುಕಡಿಮೆ ಒಂದೇ, ನೀವು ಎಷ್ಟೇ ಗುದ್ದಿದರೂ ಸದ್ದು ಅಷ್ಟೇ. ಇನ್ನೊಂದು ಕ್ಲಾವಿಕಾರ್ಡ್. ಅದರಲ್ಲಿ ಕೀಯ ತುದಿಯ ಲೋಹದ ಚೂರು ತಂತಿಗೆ ತಾಗುತ್ತದೆ, ಮೆಲ್ಲಗೆ-ಜೋರು ಎರಡೂ ಸಾಧ್ಯ. ಆದರೆ ಅದರ ಜೋರು ಅಂದರೆ ನಮ್ಮ ಪಿಸುಮಾತು. ಪಕ್ಕದ ಕೋಣೆಗೂ ಕೇಳುವುದಿಲ್ಲ.

'ಸರಿ, ಕ್ರಿಸ್ತೊಫೊರಿ ತಂತಿಗೆ ಹೊಡೆಯಲು ಸುತ್ತಿಗೆ ಇಟ್ಟ, ಮುಗೀತು' ಅಂದುಕೊಂಡೆ. ಹಾಗಾದರೆ ಅದರ ಚಿತ್ರದಲ್ಲಿ ಇಷ್ಟೊಂದು ಸನ್ನೆಕೋಲು, ಸ್ಪ್ರಿಂಗ್ ಯಾಕೆ? ಕೀಯ ಹಿಂದಿನ ತುದಿಗೇ ಸುತ್ತಿಗೆ ಅಂಟಿಸಿದರೆ ಸಾಲದೇ?

ಸಾಲದು. ಜಾಗಟೆ ನೆನಪಿಸಿಕೊಳ್ಳಿ. ಕೋಲಿನಿಂದ ಹೊಡೆದು ತಕ್ಷಣ ತೆಗೆದರೆ 'ಠಣ್' ಅಂತ ಮೊಳಗುತ್ತದೆ. ಹೊಡೆದು ಕೋಲನ್ನು ಅಲ್ಲೇ ಒತ್ತಿ ಹಿಡಿದರೆ 'ಟಕ್' ಅಂತ ಸಾಯುತ್ತದೆ. ಪಿಯಾನೋ ನುಡಿಸುವವರು ಕೀಯನ್ನು ಒತ್ತಿಯೇ ಹಿಡಿದಿರುತ್ತಾರೆ ಅಲ್ವಾ? ಸುತ್ತಿಗೆ ಕೀಗೆ ಅಂಟಿಕೊಂಡಿದ್ದರೆ ಅದೂ ತಂತಿಯನ್ನು ಒತ್ತಿ ಹಿಡಿದಿರುತ್ತದೆ. ಅಂದರೆ ಬೆರಳು ಕೆಳಗಿರುವಾಗಲೇ ಸುತ್ತಿಗೆ ತಂತಿಯನ್ನು ಬಿಟ್ಟು ಬರಬೇಕು.

ಹಾಗಾದರೆ ಕ್ಲಾವಿಕಾರ್ಡ್‌ನಲ್ಲಿ ಲೋಹದ ಚೂರು ತಂತಿಗೆ ತಾಗಿಕೊಂಡೇ ಇರುತ್ತದಲ್ಲ, ಅದು ಹೇಗೆ ನುಡಿಯುತ್ತದೆ? ಒಂದಿಡೀ ಸಂಜೆ ನನಗೆ ಹಿಡಿದದ್ದು ಇದೇ. ಅಲ್ಲಿ ಆ ಚೂರು ತಂತಿಯ ತುದಿಯ ಕೆಲಸ ಮಾಡುತ್ತದೆ, ವೀಣೆಯಲ್ಲಿ ಮೆಟ್ಟಿಲ ಮೇಲೆ ಒತ್ತಿದ ಬೆರಳಿನಂತೆ. ಅದರ ಒಂದು ಪಕ್ಕದ ತಂತಿ ನುಡಿಯುತ್ತದೆ, ಇನ್ನೊಂದು ಪಕ್ಕಕ್ಕೆ ಬಟ್ಟೆ ಸುತ್ತಿ ಬಾಯಿ ಮುಚ್ಚಿರುತ್ತಾರೆ. ಸುತ್ತಿಗೆ ಹೊಡೆಯುವುದು ನುಡಿಯುವ ತಂತಿಯ ಮೈಗೇ, ಆದ್ದರಿಂದ ಅದು ಅಲ್ಲಿ ನಿಲ್ಲುವಂತಿಲ್ಲ.

ಕ್ರಿಸ್ತೊಫೊರಿ ಕಂಡುಕೊಂಡ ದಾರಿಗೆ ಎಸ್ಕೇಪ್‌ಮೆಂಟ್ ಅನ್ನುತ್ತಾರೆ. ಕೀ ಮೇಲೆ ಸ್ಪ್ರಿಂಗ್ ಇರುವ ಚಿಕ್ಕ ಕಡ್ಡಿ ನಿಂತಿದೆ. ಕೀ ಒತ್ತಿದರೆ ಕಡ್ಡಿ ಸನ್ನೆಕೋಲನ್ನು ಎತ್ತುತ್ತದೆ, ಸನ್ನೆಕೋಲು ಸುತ್ತಿಗೆಯನ್ನು ಎತ್ತುತ್ತದೆ. ನಡುವೆ ಸನ್ನೆಕೋಲು ಇರುವುದರಿಂದ ಬೆರಳಿಗಿಂತ ಸುತ್ತಿಗೆಯ ವೇಗ ಜಾಸ್ತಿ. ಸುತ್ತಿಗೆ ಇನ್ನೇನು ತಂತಿಗೆ ತಾಗಬೇಕು ಅನ್ನುವಾಗ ಕಡ್ಡಿ ಪಕ್ಕಕ್ಕೆ ಜಾರುತ್ತದೆ. ಅಲ್ಲಿಂದ ಸುತ್ತಿಗೆ ಎಸೆದ ಕಲ್ಲಿನಂತೆ ತಾನೇ ಹೋಗಿ, ಹೊಡೆದು, ವಾಪಸ್ ಬೀಳುತ್ತದೆ. ಬೆರಳು ಎಷ್ಟು ವೇಗವಾಗಿ ಎಸೆಯಿತೋ ಸದ್ದು ಅಷ್ಟು ಜೋರು. ಬಿದ್ದ ಸುತ್ತಿಗೆ ಪುಟಿದು ಮತ್ತೆ ತಂತಿಗೆ ಬಡಿಯಬಾರದಲ್ಲ, ಅದಕ್ಕೆ ಮಾಫೇಯಿ ಅಚ್ಚು ಹಾಕಿಸಿದ ಚಿತ್ರದಲ್ಲಿ ರೇಷ್ಮೆ ದಾರಗಳು ಅದನ್ನು ಹಿಡಿಯುತ್ತವೆ.

ನಂಬಿಕೆ ಬರದಿದ್ದರೆ ಕ್ಲಾಸಿನ ಪಿಯಾನೋದಲ್ಲಿ ಒಂದು ಕೀಯನ್ನು ತೀರಾ ನಿಧಾನವಾಗಿ ಒತ್ತಿ ನೋಡಿ. ಸದ್ದೇ ಬರುವುದಿಲ್ಲ. ಕಡ್ಡಿ ಜಾರಿತು, ಎಸೆತಕ್ಕೆ ವೇಗ ಸಾಲಲಿಲ್ಲ. ಗ್ರ್ಯಾಂಡ್ ಪಿಯಾನೋ ಆದರೆ ಕೊನೆಯಲ್ಲಿ ಬೆರಳಿಗೆ ಒಂದು ಸಣ್ಣ ತಡೆಯೂ ತಿಳಿಯುತ್ತದೆ. ನನಗೆ ಮೂರು ದಿನ ಓದಿ ಅರ್ಥವಾಗದ್ದು ಆ ತಡೆಯಿಂದ ಅರ್ಥವಾಯಿತು.

ಕ್ರಿಸ್ತೊಫೊರಿಯ ಮೂರು ಪಿಯಾನೋಗಳು ಈಗಲೂ ಇವೆ: 1720ರದ್ದು ನ್ಯೂಯಾರ್ಕ್‌ನಲ್ಲಿ, 1722ರದ್ದು ರೋಮ್‌ನಲ್ಲಿ, 1726ರದ್ದು ಲೈಪ್ಸಿಗ್‌ನಲ್ಲಿ. ಲೈಪ್ಸಿಗ್‌ನದಕ್ಕೆ ಬರೀ 49 ಕೀಗಳು. ಈಗಿನ ಪಿಯಾನೋಗೆ 88.

ಜರ್ಮನಿಯ ಕಥೆ ಚಿಕ್ಕದು. ಮಾಫೇಯಿಯ ಲೇಖನ 1725ರಲ್ಲಿ ಜರ್ಮನ್‌ನಲ್ಲಿ ಅಚ್ಚಾಯಿತು. 1730ರ ದಶಕದಲ್ಲಿ ಗಾಟ್‌ಫ್ರೀಡ್ ಸಿಲ್ಬರ್‌ಮನ್ ಅಲ್ಲಿ ಪಿಯಾನೋ ಮಾಡತೊಡಗಿದ. ನೋಡಿದ ಸಂಗೀತ ರಚನೆಕಾರ ಬಾಖ್, ಮೇಲಿನ ಸ್ವರಗಳು ಬಡಕಲು, ಕೀಗಳು ಭಾರ ಅಂದ. ಸಿಲ್ಬರ್‌ಮನ್‌ಗೆ ಸಿಟ್ಟು ಬಂತಂತೆ, ಆದರೂ ತಿದ್ದಿದ. 1747ರಲ್ಲಿ ಪೋಟ್ಸ್‌ಡ್ಯಾಮ್‌ನಲ್ಲಿ ದೊರೆ ಫ್ರೆಡರಿಕ್‌ನ ಅರಮನೆಯ ಸಿಲ್ಬರ್‌ಮನ್ ಪಿಯಾನೋಗಳನ್ನು ಬಾಖ್ ನುಡಿಸಿದ.

ಪಿಯಾನೋಗೆಂದೇ ಮೊದಲು ಅಚ್ಚಾದ ಸಂಗೀತ ಯಾರದು? ಇಲ್ಲಿ ಕೈ ತಾನಾಗಿಯೇ 'ಮೊಟ್ಸಾರ್ಟ್' ಅಂತ ಬರೆದುಬಿಡುತ್ತದೆ, ನಾನೂ ಬರೆದಿದ್ದೆ. ಉತ್ತರ ಲೊದೊವಿಕೊ ಜುಸ್ತೀನಿ, ಪಿಸ್ತೋಯಿಯಾ ಊರಿನ ಆರ್ಗನ್ ವಾದಕ. ನನ್ನ ನೆನಪಿನ ಉಪಾಯ: ಬಾಖ್, ಹ್ಯಾಂಡೆಲ್, ದೊಮೆನಿಕೊ ಸ್ಕಾರ್ಲಾಟಿ ಮೂವರೂ ಹುಟ್ಟಿದ್ದು 1685ರಲ್ಲಿ, ಜುಸ್ತೀನಿಯೂ ಅದೇ ವರ್ಷ. ಅವನ 12 ಸೊನಾಟಾಗಳು 1732ರಲ್ಲಿ ಫ್ಲಾರೆನ್ಸ್‌ನಲ್ಲಿ ಅಚ್ಚಾದವು. ಪೋರ್ಚುಗಲ್ ದೊರೆಯ ತಮ್ಮ ದೋಂ ಅಂತೋನಿಯೊಗೆ ಅರ್ಪಣೆ. ವಾದ್ಯ ಎಷ್ಟು ಹೊಸದು ಅಂದರೆ, 'ಜನ ಪುಟ್ಟ ಸುತ್ತಿಗೆಯದು ಎನ್ನುವ ವಾದ್ಯ' ಅಂತ ಪುಸ್ತಕದ ಹೆಸರಲ್ಲೇ ವಿವರಣೆ ಕೊಟ್ಟಿದ್ದಾರೆ.

ಸ್ವರಲಿಪಿಯಲ್ಲಿ ನೋಡಬೇಕಾದ್ದು ಒಂದೇ. ಪಿಯಾನೋ, ಫೋರ್ಟೆ ಎಂಬ ಗುರುತುಗಳ ಜೊತೆ 'ಪ್ಯೂ ಪಿಯಾನೋ', ಅಂದರೆ ಇನ್ನೂ ಮೆಲ್ಲಗೆ, ಅಂತಲೂ ಇದೆ. ಎರಡು ಸಾಲು ಕೀ ಇರುವ ಹಾರ್ಪ್ಸಿಕಾರ್ಡ್‌ನಲ್ಲಿ ಕೈ ಬದಲಿಸಿ ಜೋರು, ಮೆಲ್ಲಗೆ ಮಾಡಬಹುದು. ಮೆಲ್ಲಗೆಯಿಂದ ಇನ್ನೂ ಮೆಲ್ಲಗೆ ಇಳಿಯಲು ಬೆರಳಿನ ಮಾತು ಕೇಳುವ ಸುತ್ತಿಗೆಯೇ ಬೇಕು.